ಅಗ್ಗದ ದೀಪದ ಋಣ

ಸಸಿ ಬೆಳೆಸುವ ಕೋಣೆಯ ಒಂದು ಟ್ಯೂಬ್‌ಲೈಟಿಗೆ ನೂರಿನ್ನೂರು ರೂಪಾಯಿ. ಅದಕ್ಕೆ ವಿದ್ಯುತ್ತನ್ನು ಹದದಲ್ಲಿಟ್ಟು ಕೊಡುವ ಚೋಕ್‌ಗೂ ಹೆಚ್ಚುಕಡಿಮೆ ಅಷ್ಟೇ. ಸ್ಟಾರ್ಟರ್ ಅಂತೂ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ಇಷ್ಟು ಅಗ್ಗದ ವಸ್ತು ಕೆಟ್ಟಾಗ ಕಿತ್ತೆಸೆದು ಹೊಸದನ್ನು ಸಿಕ್ಕಿಸುವುದೇ ಸಲೀಸೆಂದು ಯಾರಿಗಾದರೂ ತೋರುತ್ತದೆ. ಹಾಗೆ ಎಸೆಯುವುದರಲ್ಲಿ ತಪ್ಪೇನಾದರೂ ಉಂಟೇ? ಉಂಟೆಂದಾದರೆ ಅದು ಬರೀ ಲೆಕ್ಕದ ತಪ್ಪೋ, ಧರ್ಮದ ತಪ್ಪೋ? ಬೆಲೆಬಾಳುವ ವಸ್ತುವನ್ನು ಜೋಪಾನ ಮಾಡಲು ಧರ್ಮದ ಉಪದೇಶ ಬೇಕಿಲ್ಲ, ಭಯವೇ ಆ ಕೆಲಸವನ್ನು ಮಾಡಿಸುತ್ತದೆ. ಕಳೆದುಕೊಂಡರೂ ಕೈಸುಡದ ವಸ್ತುವಿನ ಮುಂದೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬಲ್ಲಿಯೇ ಪ್ರಶ್ನೆ ನಿಜವಾಗಿ ಎದುರಾಗುತ್ತದೆ. ಅಗ್ಗದ ವಸ್ತುವಿನ ವಿಷಯದಲ್ಲೂ ನಮಗೊಂದು ಕರ್ತವ್ಯವಿದೆ ಎಂದು ನಾನು ವಾದಿಸುತ್ತೇನೆ. ಅದನ್ನು ಬಾಳಿಸುವುದೂ ಹೊತ್ತರಿತು ಬಿಡುವುದೂ ಆ ಒಂದೇ ಕರ್ತವ್ಯದ ಭಾಗಗಳು. ಬಿಡಲು ಬಾರದವನಿಗೆ ಬಾಳಿಸಲೂ ಬಾರದು.

ಈ ಮಾತಿಗೆ ಹಳೆಯ ಆಧಾರವೊಂದು ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿದೆ. ಕೌಶಾಂಬಿಯ ಅರಸ ಉದಯನನ ರಾಣಿಯರು ಭಿಕ್ಷು ಆನಂದನಿಗೆ ಐನೂರು ಹೊದಿಕೆಗಳನ್ನು ದಾನ ಕೊಡುತ್ತಾರೆ. ಸುದ್ದಿ ಕೇಳಿ ಅರಸನಿಗೆ ಸಿಟ್ಟು ಬರುತ್ತದೆ. ಎಲ್ಲ ಬಿಟ್ಟವನಿಗೆ ಇಷ್ಟೊಂದು ಬಟ್ಟೆ ಯಾಕೆ, ಅಂಗಡಿ ಇಡುತ್ತಾನೆಯೇ ಎಂದು ವಿಚಾರಿಸಲು ಹೋಗುತ್ತಾನೆ. ಹರಕು ಬಟ್ಟೆಯಲ್ಲಿರುವ ಭಿಕ್ಷುಗಳಿಗೆ ಹಂಚುತ್ತೇನೆ ಎನ್ನುತ್ತಾನೆ ಆನಂದ. ಹಾಗಾದರೆ ಅವರ ಹಳೆಯ ಬಟ್ಟೆ? ಹಾಸಿಗೆಯ ಮೇಲುಹೊದಿಕೆಯಾಗುತ್ತದೆ. ಹಳೆಯ ಮೇಲುಹೊದಿಕೆ? ಹಾಸಿಗೆಯ ಗವಸು. ಹಳೆಯ ಗವಸು ನೆಲಹಾಸು, ಹಳೆಯ ನೆಲಹಾಸು ಕಾಲೊರಸು, ಹಳೆಯ ಕಾಲೊರಸು ಧೂಳೊರೆಸುವ ಅರಿವೆ. ಅದೂ ಜೀರ್ಣವಾದ ಮೇಲೆ ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲ ಸಾರಿಸುತ್ತೇವೆ ಎಂದು ಆನಂದ ಮುಗಿಸುತ್ತಾನೆ. ಅರಸ ಒಪ್ಪಿ ಇನ್ನೂ ಐನೂರು ಕೊಟ್ಟನಂತೆ. ಬಟ್ಟೆಯ ಮೇಲೆ ಆಸೆಯಿಲ್ಲದ ಭಿಕ್ಷುವೇ ಇಲ್ಲಿ ಬಟ್ಟೆಯ ಬಗ್ಗೆ ಎಲ್ಲರಿಗಿಂತ ಸೂಕ್ಷ್ಮವಾಗಿ ಯೋಚಿಸಿದ್ದಾನೆ. ವೈರಾಗ್ಯವೆಂದರೆ ವಸ್ತುವಿನ ಬಗ್ಗೆ ಅಸಡ್ಡೆ ಎಂದು ತಿಳಿದವರಿಗೆ ಈ ಪ್ರಸಂಗ ಒಗಟಾಗಿ ಕಾಣಬಹುದು. ಒಗಟೇನೂ ಇಲ್ಲ. ವಸ್ತು ತನ್ನದಲ್ಲ, ದಾನವಾಗಿ ಬಂದದ್ದು, ಇನ್ನೊಬ್ಬರ ದುಡಿಮೆಯಿಂದ ಆದದ್ದು ಎಂದು ತಿಳಿದವನಿಗೆ ಅದನ್ನು ಪೋಲು ಮಾಡುವ ಹಕ್ಕೂ ಉಳಿಯುವುದಿಲ್ಲ.

ಜೈನ ಆಚಾರ ಇದನ್ನೇ ಇನ್ನಷ್ಟು ಬಿಗಿಯಾಗಿ ಕಟ್ಟಿದೆ. ಮುನಿಗಳು ಪಾಲಿಸಬೇಕಾದ ಐದು ಸಮಿತಿಗಳಲ್ಲಿ ಒಂದು ಆದಾನ-ನಿಕ್ಷೇಪ ಸಮಿತಿ, ಎಂದರೆ ವಸ್ತುವನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ಇರಬೇಕಾದ ಎಚ್ಚರ. ಇನ್ನೊಂದು ಉತ್ಸರ್ಗ ಸಮಿತಿ, ತ್ಯಜಿಸಬೇಕಾದದ್ದನ್ನು ಯಾವ ಜೀವಕ್ಕೂ ನೋವಾಗದ ಕಡೆ ಬಿಡುವ ಎಚ್ಚರ. ಶ್ರವಣಬೆಳಗೊಳಕ್ಕೆ ಬರುವ ದಿಗಂಬರ ಮುನಿಯ ಬಳಿ ಪಿಂಛಿ, ಕಮಂಡಲು, ಶಾಸ್ತ್ರಗ್ರಂಥ ಬಿಟ್ಟರೆ ಏನೂ ಇರುವುದಿಲ್ಲ. ಕಮಂಡಲುವನ್ನು ಕೆಳಗಿಡುವ ಮುನ್ನ ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೆಲ್ಲಗೆ ಸವರುತ್ತಾರೆ. ಆ ಎಚ್ಚರ ಕಮಂಡಲುವಿಗಾಗಿ ಅಲ್ಲ, ಅದು ಜಡ. ಕೆಳಗೆ ಕಣ್ಣಿಗೆ ಬೀಳದ ಜೀವವಿರಬಹುದೆಂದು ಆ ಎಚ್ಚರ. ಜಡವಸ್ತುವಿನ ಬಗ್ಗೆ ಕರ್ತವ್ಯವೆಂದರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ವಸ್ತುವನ್ನು ಹಾಯ್ದು ಹೋಗಿ ಜೀವವನ್ನು ಮುಟ್ಟುವ ಕರ್ತವ್ಯ ಅದು. ಎತ್ತಿಕೊಳ್ಳುವುದು, ಇಡುವುದು, ಬಿಡುವುದು ಎಂಬ ಈ ಮೂರನ್ನು ಕೈಯಲ್ಲಿಟ್ಟುಕೊಂಡೇ ದೀಪದ ವಿಷಯಕ್ಕೆ ಬರೋಣ.

ದೀಪ ಯಾಕೆ ಸಾಯುತ್ತದೆ? ಅದರ ಹಣೆಬರಹ ಅಷ್ಟೇ, ಅಗ್ಗದ ಮಾಲು ಎಂಬುದು ಎಲ್ಲರ ಬಾಯಲ್ಲಿರುವ ಉತ್ತರ. ಟ್ಯೂಬಿನ ಒಳಗೆ ಏನಾಗುತ್ತದೆಂದು ನೋಡಿದರೆ ಹಣೆಬರಹದ ಪಾಲು ಕಡಿಮೆಯೆಂದು ತಿಳಿಯುತ್ತದೆ. ಟ್ಯೂಬಿನ ಎರಡೂ ತುದಿಯ ಟಂಗ್‌ಸ್ಟನ್ ಸುರುಳಿಗೆ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ ಆಕ್ಸೈಡ್‌ಗಳ ತೆಳುವಾದ ಲೇಪವಿರುತ್ತದೆ. ಎಲೆಕ್ಟ್ರಾನುಗಳನ್ನು ಸುಲಭವಾಗಿ ಹೊರಬಿಡುವುದು ಆ ಲೇಪ. ಉರಿಯುತ್ತಿರುವಾಗ ಅದು ನಿಧಾನವಾಗಿ ಸವೆಯುತ್ತದೆ, ಹೊತ್ತಿಕೊಳ್ಳುವ ಕ್ಷಣದಲ್ಲಿ ಜೋರಾಗಿ ಸಿಡಿದು ಹೋಗುತ್ತದೆ. ತುದಿಗಳಲ್ಲಿ ಕಾಣುವ ಕಪ್ಪು ಕಲೆ ಆ ಸವೆತದ ಗುರುತು. ಲೇಪ ಮುಗಿದ ದಿನ ಟ್ಯೂಬು ಮುಗಿಯಿತು. ತಯಾರಕರು ಟ್ಯೂಬಿನ ಆಯುಷ್ಯವನ್ನು ಸಾಮಾನ್ಯವಾಗಿ ಮೂರು ಗಂಟೆಗೊಮ್ಮೆ ಆರಿಸಿ ಹೊತ್ತಿಸುವ ಲೆಕ್ಕದಲ್ಲಿ ಹೇಳುತ್ತಾರೆ. ಅಂಗಾಂಶ ಕೃಷಿಯ ಕೋಣೆಯಲ್ಲಿ ದಿನಕ್ಕೆ 16 ಗಂಟೆ ಬೆಳಕು, 8 ಗಂಟೆ ಕತ್ತಲೆ ಎಂದು ಟೈಮರ್ ಇಟ್ಟರೆ ದಿನಕ್ಕೆ ಒಂದೇ ಸಲ ಹೊತ್ತುವುದರಿಂದ ಅದೇ ಟ್ಯೂಬು ಹೇಳಿದ್ದಕ್ಕಿಂತ ಹೆಚ್ಚು ಬಾಳುತ್ತದೆ. ಒಳಗೆ ಹೋಗಿಬರುವವರು ಪ್ರತಿಸಲವೂ ಸ್ವಿಚ್ ಆಡಿಸುತ್ತಿದ್ದರೆ ಕಡಿಮೆ ಬಾಳುತ್ತದೆ. ಇನ್ನು ಮಿಣಕ್ ಮಿಣಕ್ ಎನ್ನುತ್ತಾ ಹೊತ್ತಿಕೊಳ್ಳಲು ಹೆಣಗುವ ಟ್ಯೂಬಿನಲ್ಲಿ ಪ್ರತಿ ಮಿಣಕೂ ಒಂದು ಹೊಸ ಆರಂಭ. ಕೆಟ್ಟ ಸ್ಟಾರ್ಟರನ್ನು ಒಂದು ವಾರ ಹಾಗೇ ಬಿಟ್ಟರೆ ಒಳ್ಳೆಯ ಟ್ಯೂಬು ಹಾಳಾಗುತ್ತದೆ, ಕೊನೆಗೆ ಟ್ಯೂಬು ಹೋಯಿತು ಎಂದು ದೂರುವುದು ಮಾತ್ರ ಉಳಿಯುತ್ತದೆ.

ಚೋಕ್‌ನ ಶತ್ರು ಬಿಸಿ. ತಾಮ್ರದ ಸುರುಳಿಯ ಹಳೆಯ ಮಾದರಿಯಾಗಲಿ, ಎಲೆಕ್ಟ್ರಾನಿಕ್ ಮಾದರಿಯಾಗಲಿ, ಬಿಸಿ ಹತ್ತು ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬ ಸ್ಥೂಲ ನಿಯಮವೊಂದಿದೆ. ಮೊದಲನೆಯದರಲ್ಲಿ ಸುರುಳಿಯ ವಾರ್ನಿಷ್ ಒಣಗಿ ಬಿರಿಯುತ್ತದೆ, ಎರಡನೆಯದರಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನೊಳಗಿನ ದ್ರವ ಆರಿಹೋಗುತ್ತದೆ. ತಾಮ್ರದ ಚೋಕ್‌ಗಳ ಮೈಮೇಲೆ ಟಿ.ಡಬ್ಲ್ಯೂ. 130 ಎಂದು ಮುದ್ರಿಸಿರುವುದುಂಟು. ಸುರುಳಿ 130 ಡಿಗ್ರಿ ದಾಟದಂತೆ ನೋಡಿಕೊಂಡರೆ ಹತ್ತು ವರ್ಷ ಎಡೆಬಿಡದೆ ಬಾಳಬೇಕು ಎಂಬ ಭರವಸೆ ಅದು. ಭರವಸೆಯ ಅರ್ಧ ಕಾರ್ಖಾನೆಯದು, ಇನ್ನರ್ಧ ಅದನ್ನು ಎಲ್ಲಿ ಕೂರಿಸುತ್ತೇವೆ ಎಂಬುದರಲ್ಲಿದೆ. ಗಾಳಿಯಾಡದ ಮರದ ಪೆಟ್ಟಿಗೆಯಲ್ಲಿ, ದೀಪದ ನೆತ್ತಿಯ ಮೇಲೆ, ಒಂದಕ್ಕೊಂದು ಅಂಟಿಸಿ ಜೋಡಿಸಿದ ಚೋಕ್‌ಗಳು ಪರಸ್ಪರ ಬೇಯಿಸಿಕೊಳ್ಳುತ್ತವೆ. ಅವನ್ನೇ ಕೋಣೆಯ ಹೊರಗೋಡೆಗೆ ನಾಲ್ಕು ಬೆರಳು ಅಂತರ ಕೊಟ್ಟು ತಗುಲಿಸಿದರೆ ಅವುಗಳ ಬಿಸಿಯೂ ಕಡಿಮೆ, ಸಸಿಕೋಣೆಯ ಏರ್‌ಕಂಡಿಷನರಿನ ಹೊರೆಯೂ ಕಡಿಮೆ. ಸಡಿಲವಾದ ಸ್ಕ್ರೂ ಬಿಗಿಮಾಡುವುದು, ಧೂಳು ಒರೆಸುವುದು, ನೀರು ಹನಿಸುವಾಗ ಬಿಸಿ ಗಾಜಿನ ಮೇಲೆ ಬೀಳದಂತೆ ನೋಡಿಕೊಳ್ಳುವುದು, ಇವೆಲ್ಲ ದುಡ್ಡು ಕೇಳದ ಕೆಲಸಗಳು. ಇಡುವಾಗ ಎಚ್ಚರವಿರಲಿ ಎಂದು ಆದಾನ-ನಿಕ್ಷೇಪ ಸಮಿತಿ ಹೇಳಿದ್ದು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ದೀಪ ಮತ್ತು ಚೋಕ್‌ಗಳ ಸಂಬಂಧ ಇನ್ನೂ ಕುತೂಹಲದ್ದು. ಹಸಿರುಮನೆಗಳಲ್ಲಿ ಬಳಸುವ ಸೋಡಿಯಂ ದೀಪವನ್ನು ತೆಗೆದುಕೊಳ್ಳಿ. ಅದರ ಪೆಟ್ಟಿಗೆಯ ಮೇಲೆ 24,000 ಗಂಟೆ ಎಂದು ಬರೆದಿರುವುದು ಸಾಮಾನ್ಯ. ವಯಸ್ಸಾದಂತೆ ಒಳಗಿನ ಸೋಡಿಯಂ ಕಡಿಮೆಯಾಗುತ್ತಾ ಹೋಗಿ ದೀಪ ಕೇಳುವ ವೋಲ್ಟೇಜ್ ಏರುತ್ತದೆ. ಒಂದು ಹಂತ ದಾಟಿದ ಮೇಲೆ ಚೋಕ್ ಅಷ್ಟನ್ನು ಕೊಡಲಾರದು. ದೀಪ ಆರುತ್ತದೆ, ತಣ್ಣಗಾದ ಮೇಲೆ ಇಗ್ನೈಟರ್ ಮತ್ತೆ ಹೊತ್ತಿಸುತ್ತದೆ, ಬಿಸಿಯೇರಿದೊಡನೆ ಮತ್ತೆ ಆರುತ್ತದೆ. ಇನ್ನೂ ಉರಿಯುತ್ತಿದೆಯಲ್ಲ ಎಂದು ಅದನ್ನು ಹಾಗೇ ಬಿಟ್ಟವರು ದೀಪದ ಜೊತೆಗೆ ಇಗ್ನೈಟರನ್ನೂ ಚೋಕನ್ನೂ ಸುಟ್ಟುಕೊಳ್ಳುತ್ತಾರೆ. ಕೆಟ್ಟ ಚೋಕ್ ಒಳ್ಳೆಯ ದೀಪವನ್ನು ಕೊಲ್ಲುವುದೂ ಅಷ್ಟೇ ನಿಜ. ಒಂದರ ಆಯುಷ್ಯ ಅದೊಂದರದ್ದೇ ಅಲ್ಲ. ಯಾವುದೂ ತನ್ನಷ್ಟಕ್ಕೆ ತಾನಿಲ್ಲ, ಇನ್ನೊಂದನ್ನು ಅವಲಂಬಿಸಿಯೇ ಹುಟ್ಟಿ ಅಳಿಯುತ್ತದೆ ಎಂಬ ಬೌದ್ಧರ ಪ್ರತೀತ್ಯಸಮುತ್ಪಾದವನ್ನು ಬೆಳಕಿನ ಈ ಜೋಡಿಯಲ್ಲಿ ಕೈಯಿಂದ ಮುಟ್ಟಿ ನೋಡಬಹುದು. ಮುದಿ ದೀಪವನ್ನು ಹೊತ್ತಿಗೆ ಸರಿಯಾಗಿ ಇಳಿಸುವುದೇ ಚೋಕನ್ನು ಬಾಳಿಸುವ ದಾರಿ. ಬಿಡುವುದೂ ಬಾಳಿಸುವುದರ ಭಾಗವೆಂದು ಮೊದಲೇ ಹೇಳಿದ್ದು ಇದಕ್ಕೇ.

ಹಾಗಾದರೆ ಆ ಹೊತ್ತು ಯಾವುದು? ಇಲ್ಲಿ ನಮ್ಮ ಕಣ್ಣೇ ನಮಗೆ ಮೋಸ ಮಾಡುತ್ತದೆ. ಟ್ಯೂಬಿನ ಬೆಳಕು ದಿನದಿನಕ್ಕೆ ಇಷ್ಟಿಷ್ಟೇ ಇಳಿಯುತ್ತದೆ, ಹಳೆಯ ಬಗೆಯವುಗಳಲ್ಲಿ ಬೇಗ, ಗಾಜಿನ ಒಳಮೈಗೆ ಹೊಸ ಬಗೆಯ ಫಾಸ್ಫರ್ ಬಳಿದವುಗಳಲ್ಲಿ ನಿಧಾನ. ಆದರೆ ಕಣ್ಣು ಬೆಳಕಿಗೆ ಹೊಂದಿಕೊಳ್ಳುವ ಇಂದ್ರಿಯ, ಕಾಲುಭಾಗ ಬೆಳಕು ಕಡಿಮೆಯಾದರೂ ಅದಕ್ಕೆ ಗೊತ್ತಾಗುವುದಿಲ್ಲ. ಸಸಿಗೆ ಗೊತ್ತಾಗುತ್ತದೆ. ಕಾಂಡ ಸೊರಗಿ ಉದ್ದವಾಗುತ್ತದೆ, ಎಲೆ ಬಿಳಿಚಿಕೊಳ್ಳುತ್ತದೆ. ಪ್ರತ್ಯಕ್ಷವೂ ದೋಷಕ್ಕೆ ಒಳಗಾಗಬಹುದೆಂದು ನಮ್ಮ ತಾರ್ಕಿಕರು ಎಚ್ಚರಿಸಿದ್ದರು. ದೀಪದ ವಿಷಯದಲ್ಲಿ ಅನುಮಾನ ಪ್ರಮಾಣವನ್ನೇ ನೆಚ್ಚಬೇಕು. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಲಕ್ಸ್ ಮೀಟರ್ ಇಟ್ಟು ಅಂಕಿ ಬರೆದಿಟ್ಟರೆ ಸಾಕು. ಮೊಬೈಲಿನ ಆ್ಯಪ್ ಕೂಡ ಹೋಲಿಕೆಗೆ ಸಾಲುತ್ತದೆ. ಎಲ್‌ಇಡಿ ದೀಪಗಳ ಆಯುಷ್ಯವನ್ನು ತಯಾರಕರು ಈಗ ಹೀಗೆಯೇ ಅಳೆಯುತ್ತಾರೆ: ಆರಿಹೋಗುವ ದಿನವನ್ನು ಲೆಕ್ಕಕ್ಕೆ ಹಿಡಿಯದೆ, ಮೊದಲಿನ ಬೆಳಕಿನ ಶೇ. 70ಕ್ಕೆ ಇಳಿಯುವ ದಿನವನ್ನು ಹಿಡಿಯುತ್ತಾರೆ. ರಾತ್ರಿಯ ಮೊದಲ ಜಾವದಲ್ಲಿ ಉರಿಯುವ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೆಯೇ ಎಂದು ಭಿಕ್ಷು ನಾಗಸೇನ ಅರಸ ಮಿಲಿಂದನನ್ನು ಕೇಳಿದ ಪ್ರಶ್ನೆಗೆ ಇದು ಹೊಸ ಉದಾಹರಣೆಯಾಗಬಲ್ಲದು. ನಿನ್ನೆ ಕೊಂಡ ದೀಪವೂ ಮೂರು ವರ್ಷ ಉರಿದ ದೀಪವೂ ಒಂದೇ ಎಂದರೆ ಸಸಿ ಒಪ್ಪದು, ಬೇರೆ ಎಂದರೆ ರಸೀದಿ ಒಪ್ಪದು.

ಆದರೆ ಒಂದು ಕೆಲಸಕ್ಕೆ ಸತ್ತ ದೀಪ ಎಲ್ಲ ಕೆಲಸಕ್ಕೂ ಸತ್ತಿರುವುದಿಲ್ಲ. ಸೇವಂತಿಗೆ ದೀರ್ಘ ರಾತ್ರಿಯನ್ನು ಕಂಡಾಗ ಮಾತ್ರ ಮೊಗ್ಗು ಬಿಡುವ ಗಿಡ. ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು ದಿನದ ಉದ್ದಕ್ಕೂ ಹೂವಿಗೂ ಇರುವ ಈ ನಂಟನ್ನು 1920ರಲ್ಲಿ ಪ್ರಕಟಿಸಿದರು. ಗಿಡ ಎತ್ತರಕ್ಕೆ ಬೆಳೆದು ದಂಟು ಗಟ್ಟಿಯಾಗುವ ತನಕ ಮೊಗ್ಗನ್ನು ತಡೆಯಲು ಬೆಳೆಗಾರರು ರಾತ್ರಿ ಕೆಲವು ತಾಸು ದೀಪ ಉರಿಸುತ್ತಾರೆ, ಕರ್ನಾಟಕದ ಸೇವಂತಿಗೆ ಹೊಲಗಳಲ್ಲೂ ಈ ಪದ್ಧತಿ ಇದೆ. ಅಲ್ಲಿ ಬೆಳಕು ಗಿಡಕ್ಕೆ ಆಹಾರವಲ್ಲ, ಸೂಚನೆ. ಸೂಚನೆಗೆ ಬೇಕಾದ ಬೆಳಕು ಆಹಾರಕ್ಕೆ ಬೇಕಾದದ್ದರ ಒಂದು ಸಣ್ಣ ಅಂಶ ಮಾತ್ರ. ಅಂಗಾಂಶ ಕೃಷಿಯ ಕಪಾಟಿನಲ್ಲಿ ಕೆಲಸಕ್ಕೆ ಬಾರದೆಂದು ಇಳಿಸಿದ ಟ್ಯೂಬು ಪಾಲಿಹೌಸಿನ ಸೇವಂತಿಗೆ ಮಡಿಯ ಮೇಲೆ ಇನ್ನೊಂದು ಬದುಕು ಬದುಕಬಲ್ಲದು. ಅಲ್ಲಿಂದ ಉಗ್ರಾಣಕ್ಕೆ, ಉಗ್ರಾಣದಿಂದ ನಡುಹಾದಿಗೆ ಹೋಗಬಲ್ಲದು. ಆನಂದನ ಹೊದಿಕೆ ಇಳಿದು ಬಂದದ್ದೂ ಇದೇ ಮೆಟ್ಟಿಲುಗಳನ್ನು. ಇದೇ ನಿಜವಾದ ದೀರ್ಘಾಯುಷ್ಯವೆಂದು ನನ್ನ ನಂಬಿಕೆ: ಒಂದೇ ಸ್ಥಾನದಲ್ಲಿ ಅಂಟಿಕೊಂಡಿರದೆ ತನಗೆ ಉಳಿದಿರುವ ಶಕ್ತಿಗೆ ತಕ್ಕ ಕೆಲಸಕ್ಕೆ ಸರಿಯುತ್ತಾ ಹೋಗುವುದು.

ಬಾಳಿಕೆಯೇ ದೊಡ್ಡದೆನ್ನುವವರು ಕ್ಯಾಲಿಫೋರ್ನಿಯಾದ ಲಿವರ್ಮೋರ್ ಅಗ್ನಿಶಾಮಕ ಠಾಣೆಯ ಬಲ್ಬನ್ನು ಮುಂದಿಡುತ್ತಾರೆ. 1901ರಿಂದ, ನಡುವೆ ಕೆಲವು ಅಡಚಣೆಗಳನ್ನು ಬಿಟ್ಟರೆ, ಅದು ಉರಿಯುತ್ತಲೇ ಇದೆ. ಅದರ ಪಕ್ಕದಲ್ಲೇ 1924ರಲ್ಲಿ ಜಿನೀವಾದಲ್ಲಿ ಸೇರಿದ ಫೀಬಸ್ ಕೂಟದ ಕಥೆಯನ್ನು ಇಡುತ್ತಾರೆ. ಆಸ್‌ರಾಮ್, ಫಿಲಿಪ್ಸ್ ಮೊದಲಾದ ಕಂಪನಿಗಳು ಬಲ್ಬಿನ ಆಯುಷ್ಯ 1,000 ಗಂಟೆ ಮೀರಬಾರದೆಂದು ಒಪ್ಪಂದ ಮಾಡಿಕೊಂಡು, ಮೀರಿದವರಿಗೆ ದಂಡ ಹಾಕಿದ್ದು ದಾಖಲೆಯಲ್ಲಿದೆ. ಆ ಕೂಟದ ಲೋಭವನ್ನು ಮನ್ನಿಸಬೇಕಿಲ್ಲ. ಆದರೂ ಲಿವರ್ಮೋರಿನ ಬಲ್ಬು ಈಗ ಕೊಡುವುದು ಸುಮಾರು 4 ವ್ಯಾಟಿನ ಮಂಕು ಬೆಳಕು, ಅದರ ಕೆಳಗೆ ಒಂದು ಸಾಸಿವೆ ಸಸಿಯನ್ನೂ ಬೆಳೆಸಲಾಗದು. ತಂತಿಯನ್ನು ಕಡಿಮೆ ಕಾಯಿಸಿದರೆ ಬಲ್ಬು ಹೆಚ್ಚು ಬಾಳುತ್ತದೆ, ಆದರೆ ಅದೇ ವಿದ್ಯುತ್ತಿಗೆ ಕಡಿಮೆ ಬೆಳಕು ಕೊಡುತ್ತದೆ. ಇದು ಭೌತಶಾಸ್ತ್ರದ ನಿಯಮ, ಯಾರ ಪಿತೂರಿಯೂ ಅಲ್ಲ. ಚರಕ ಸಂಹಿತೆಯ ಆರಂಭದಲ್ಲಿಯೇ ಆಯುಸ್ಸನ್ನು ಹಿತ, ಅಹಿತ, ಸುಖ, ದುಃಖ ಎಂದು ವಿಂಗಡಿಸಿ ಆಮೇಲೆ ಅದರ ಅಳತೆಯ ಮಾತನ್ನು ಸೇರಿಸಿದ್ದಾರೆ. ಉದ್ದವೊಂದನ್ನೇ ನೋಡುವವರು ಆ ನಾಲ್ಕನ್ನೂ ಬಿಟ್ಟು ಕೊನೆಯದೊಂದನ್ನೇ ಹಿಡಿದಂತಾಯಿತು.

ಇಲ್ಲಿಗೆ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಇದೆಲ್ಲ ಬಡತನಕ್ಕೆ ತೊಡಿಸಿದ ಕಾವಿಯಲ್ಲವೇ? ಹೊಸದು ಕೊಳ್ಳಲಾರದವನು ಹಳೆಯದನ್ನು ರಿಪೇರಿ ಮಾಡುತ್ತಾನೆ, ಅದನ್ನು ತಪಸ್ಸೆಂದು ಹೊಗಳುವುದು ಉಳ್ಳವರ ಚಪಲ ಎನ್ನಬಹುದು. ಈ ಆಕ್ಷೇಪದಲ್ಲಿ ನೋವಿದೆ, ಸತ್ಯವೂ ಇದೆ. ಆದ್ದರಿಂದಲೇ ನಾನು ಈ ಕರ್ತವ್ಯವನ್ನು ಬಡವನ ತಲೆಗೆ ಕಟ್ಟುತ್ತಿಲ್ಲ. ಅವನು ಅದನ್ನು ಈಗಾಗಲೇ ಮಾಡುತ್ತಿದ್ದಾನೆ. ಎಸೆಯುವ ಶಕ್ತಿ ಇರುವವರಿಗೆ ಮಾತ್ರ ಈ ಪ್ರಶ್ನೆ ನೈತಿಕ ಪ್ರಶ್ನೆಯಾಗುತ್ತದೆ. ಆನಂದನ ಪ್ರಸಂಗದ ಬಲವೂ ಅಲ್ಲಿದೆ, ಆ ಐನೂರು ಹೊದಿಕೆ ಕೈಗೆ ಬಂದ ದಿನ ಅವನಿಗೆ ಬಟ್ಟೆಯ ಕೊರತೆ ಇರಲಿಲ್ಲ. ಅಗ್ಗವೆಂಬ ಮಾತನ್ನೂ ತೂಗಿ ನೋಡಬೇಕು. ಬೆಲೆ ಕಡಿಮೆ ಇರುವುದು ಕೊಳ್ಳುವವನ ಮಟ್ಟಿಗೆ. ತಾಮ್ರವನ್ನು ಅಗೆದವರು, ಗಾಜನ್ನು ಊದಿದವರು, ಒಡೆದ ಗಾಜನ್ನು ಹೆಕ್ಕುವವರು ತೆತ್ತದ್ದು ಆ ರಸೀದಿಯಲ್ಲಿ ಕಾಣುವುದಿಲ್ಲ.

ಇನ್ನೊಂದು ಆಕ್ಷೇಪ ಲೆಕ್ಕದ ಪುಸ್ತಕ ಹಿಡಿದು ಬರುತ್ತದೆ. ತಾಮ್ರದ ಚೋಕ್ ಸಹಿತ 40 ವ್ಯಾಟಿನ ಹಳೆಯ ಟ್ಯೂಬು ಸುಮಾರು 50 ವ್ಯಾಟ್ ಎಳೆಯುತ್ತದೆ. ದಿನಕ್ಕೆ 16 ಗಂಟೆ ಉರಿದರೆ ವರ್ಷಕ್ಕೆ 290 ಯೂನಿಟ್ ದಾಟುತ್ತದೆ. 20 ವ್ಯಾಟಿನ ಎಲ್‌ಇಡಿ ಟ್ಯೂಬು ಅದೇ ಹೊತ್ತಿಗೆ 117 ಯೂನಿಟ್‌ನಲ್ಲಿ ಮುಗಿಸುತ್ತದೆ. ಹೀಗಿರುವಾಗ ಹಳೆಯದನ್ನು ಬಾಳಿಸುವುದೇ ಅಧರ್ಮವಲ್ಲವೇ? ದಿನವಿಡೀ ಉರಿಯುವ ಕೋಣೆಯಲ್ಲಿ ಖಂಡಿತ ಹೌದು. ಅಂಥಲ್ಲಿ ಹಳೆಯದಕ್ಕೆ ಜೋತುಬೀಳುವುದು ಮೋಹ. ಆದರೆ ವರ್ಷದಲ್ಲಿ ಕೆಲವೇ ವಾರ, ಬಿತ್ತನೆ ಸಸಿಗೆಂದು ದಿನಕ್ಕೆ ಕೆಲವೇ ತಾಸು ಹೊತ್ತುವ ದೀಪದಲ್ಲಿ ಉಳಿಯುವ ವಿದ್ಯುತ್ ಕಡಿಮೆ, ಅಲ್ಲಿ ಇರುವುದನ್ನೇ ಬಾಳಿಸುವುದು ಸರಿ. ಎಲ್‌ಇಡಿಗೆ ಬದಲಾದವರಿಗೂ ಈ ಕರ್ತವ್ಯದಿಂದ ಬಿಡುಗಡೆಯಿಲ್ಲ. ಅಗ್ಗದ ಎಲ್‌ಇಡಿಯಲ್ಲಿ ಬಹಳ ಸಲ ಮೊದಲು ಹೋಗುವುದು ದೀಪದ ಹರಳಲ್ಲ, ಅದಕ್ಕೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಡ್ರೈವರ್. ಅದರೊಳಗೆ ಅದೇ ಕೆಪಾಸಿಟರ್, ಅದಕ್ಕೆ ಅದೇ ಬಿಸಿಯ ಶಾಪ. ಡ್ರೈವರ್ ಬೇರೆಯಾಗಿ ಬಿಚ್ಚಬಹುದಾದ ದೀಪವನ್ನು ಆರಿಸಿಕೊಳ್ಳುವುದು ಎತ್ತಿಕೊಳ್ಳುವಾಗಲೇ ತೋರಬೇಕಾದ ಎಚ್ಚರ.

ಎಸೆಯುವುದರ ಎದುರು ದಿಕ್ಕಿನ ತಪ್ಪೂ ಒಂದಿದೆ. ಪಾದರಸದ ಬಗೆಗಿನ ಮಿನಮಾಟ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಸೇರಿ, ಪಾದರಸವಿರುವ ಸಾಮಾನ್ಯ ಬೆಳಕಿನ ಟ್ಯೂಬುಗಳ ತಯಾರಿಕೆ ಮತ್ತು ಆಮದು-ರಫ್ತುಗಳನ್ನು 2027ರೊಳಗೆ ಹಂತಹಂತವಾಗಿ ನಿಲ್ಲಿಸಲು ತೀರ್ಮಾನಿಸಿವೆ. ಇನ್ನು ಸಿಗುವುದಿಲ್ಲವೆಂದು ಈಗಲೇ ಪೆಟ್ಟಿಗೆಗಟ್ಟಲೆ ಕೊಂಡು ಅಟ್ಟದಲ್ಲಿ ತುಂಬುವ ಆಸೆ ಸಹಜ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ತಂದಲ್ಲಿಗೇ ಹಿಂದಿರುಗಿಸಲು ಹೇಳಿದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ ಇದನ್ನು ಒಪ್ಪುತ್ತಿರಲಿಲ್ಲ. ಬಾಳಿಸುವುದು ಬೇರೆ, ಕೂಡಿಡುವುದು ಬೇರೆ. ಕೂಡಿಟ್ಟದ್ದೆಲ್ಲ ಒಂದು ದಿನ ಯಾರದೋ ಕೈಯ ಕಸವಾಗುತ್ತದೆ.

ಕಡೆಯ ಆಕ್ಷೇಪ ತತ್ತ್ವದ್ದು. ನೋವನ್ನು ಅರಿಯದ ವಸ್ತುವಿಗೆ ನಾವು ಏನನ್ನೂ ಸಲ್ಲಿಸಬೇಕಾಗಿಲ್ಲ, ಧರ್ಮ ಜೀವಿಗಳ ನಡುವಿನ ವಿಷಯ ಎಂಬುದು ಅದು. ಒಪ್ಪಿದೆ. ಪಿಂಛಿಯ ಸವರುವಿಕೆಯೂ ಅದನ್ನೇ ಹೇಳುತ್ತದೆ. ಆದರೆ ಜೀವಿಗಳನ್ನು ಮುಟ್ಟದ ವಸ್ತು ಎಲ್ಲಿದೆ? ಜಪಾನಿನ ಮಿನಮಾಟದಲ್ಲಿ ಚಿಸ್ಸೋ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀನಿಗೆ, ಮೀನಿನಿಂದ ಮನುಷ್ಯರ ನರಗಳಿಗೆ, ತಾಯಂದಿರಿಂದ ಹುಟ್ಟದ ಮಕ್ಕಳಿಗೆ ದಾಟಿತು. ಆ ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. ಒಂದು ಟ್ಯೂಬಿನಲ್ಲಿರುವ ಪಾದರಸ ಕೆಲವು ಮಿಲಿಗ್ರಾಂ ಮಾತ್ರ, ಸೋಡಿಯಂ ದೀಪದಲ್ಲೂ ಅದು ಉಂಟು. ಒಬ್ಬರ ಮನೆಯ ಒಂದು ಟ್ಯೂಬಿನಿಂದ ಮಿನಮಾಟ ಆಗುವುದಿಲ್ಲ ನಿಜ. ಆದರೆ ಎಲ್ಲರ ಮನೆಯ ಟ್ಯೂಬುಗಳೂ ಒಂದೇ ತಿಪ್ಪೆಗೆ ಹೋಗುತ್ತವೆ. ಟ್ಯೂಬನ್ನು ಎರಡು ಪಟ್ಟು ಬಾಳಿಸಿದರೆ ಹೊರಹೋಗುವ ಪಾದರಸ ಅರ್ಧವಾಗುತ್ತದೆ, ಬಾಳಿಕೆ ಅಹಿಂಸೆಯಾಗುವುದು ಈ ನೇರವಾದ ಲೆಕ್ಕದಲ್ಲಿ. ಉಳಿದರ್ಧ ಉತ್ಸರ್ಗದ ಎಚ್ಚರಕ್ಕೆ ಸೇರಿದ್ದು. ಮುಗಿದ ಟ್ಯೂಬನ್ನು ಒಡೆಯದೆ, ಹೊಸದರ ರಟ್ಟಿನ ಕವಚದಲ್ಲೇ ಸೇರಿಸಿಟ್ಟು, ಇ-ತ್ಯಾಜ್ಯ ಪಡೆಯುವವರಿಗೆ ತಲುಪಿಸಬೇಕು. ಅಕಸ್ಮಾತ್ ಒಡೆದರೆ ಕಿಟಕಿ ತೆರೆದು ಹತ್ತು ನಿಮಿಷ ಎಲ್ಲರೂ ಹೊರಗಿರಬೇಕು. ಪೊರಕೆಯಿಂದ ಗುಡಿಸದೆ ಗಟ್ಟಿ ರಟ್ಟಿನಿಂದ ಚೂರುಗಳನ್ನು ಎತ್ತಿ, ಒದ್ದೆ ಬಟ್ಟೆಯಲ್ಲಿ ಪುಡಿ ಒರೆಸಿ, ಎಲ್ಲವನ್ನೂ ಮುಚ್ಚಳದ ಡಬ್ಬಿಗೆ ಹಾಕಿ ಹೊರಗೆ ಅದೇನೆಂದು ಬರೆಯಬೇಕು. ಹಾಗೆ ಬರೆಯದ ಡಬ್ಬಿಯನ್ನು ಬೆಳಗಿನ ಕಸದ ಗಾಡಿಯಲ್ಲಿ ಕೈಯಿಂದ ಬೇರ್ಪಡಿಸುವವರು ಪೌರಕಾರ್ಮಿಕರು, ಎಷ್ಟೋ ಸಲ ಕೈಗವಸೂ ಇಲ್ಲದೆ.